ವಾರಕ್ಕೊಮ್ಮೆ ಬೈಂದೂರಿನಿಂದ ಮಣಿಪಾಲಕ್ಕೆ

ಮನಸ್ಸಿನ ತೊಂದರೆಗೆ ಫೋನಿನಲ್ಲೋ ವೀಡಿಯೊ ಕರೆಯಲ್ಲೋ ಚಿಕಿತ್ಸೆ ಪಡೆಯುವುದು ಕಳಪೆ ದಾರಿಯಲ್ಲ, ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಬಹಳ ಮಂದಿಗೆ ಸದ್ಯ ಕೈಗೆಟಕುವ ದಾರಿ ಅದೇ ಎಂದು ಕೋಟೇಶ್ವರದ ಒಂದು ಸಣ್ಣ ಸಭೆಯಲ್ಲಿ ನಾನು ಹೇಳಿದ್ದೆ. ಮಾತು ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಆಕ್ಷೇಪ ಶುರುವಾಯಿತು. ಒಬ್ಬರು ವೈದ್ಯರು, ಒಬ್ಬರು ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದ ಇಬ್ಬರು ಹೆಂಗಸರು, ಒಬ್ಬ ಕಾಲೇಜು ಹುಡುಗ, ಕೊನೆಗೆ ನನ್ನ ಸ್ವಂತ ಅಕ್ಕ. ಒಬ್ಬೊಬ್ಬರದೂ ಒಂದೊಂದು ಕಾರಣ. ಅಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಹೇಳಿದ್ದರಲ್ಲಿ ಕೆಲವನ್ನು ಒಪ್ಪುತ್ತೇನೆ, ಹೆಚ್ಚಿನದನ್ನು ಒಪ್ಪುವುದಿಲ್ಲ.

ಮೇಷ್ಟ್ರು ಕೇಳಿದ್ದು ಹೀಗೆ: "ಮಣಿಪಾಲ ಇರುವ ಜಿಲ್ಲೆಯವರು ನಾವು. ದೊಡ್ಡಣಗುಡ್ಡೆಯಲ್ಲಿ ಬಾಳಿಗಾ ಆಸ್ಪತ್ರೆ ಉಂಟು, ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಉಂಟು. ಘಟ್ಟದ ಮೇಲಿನವರೇ ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ. ಅಂಗಳದಲ್ಲಿ ಬಾವಿ ಇಟ್ಟುಕೊಂಡು ಬಾಟ್ಲಿ ನೀರು ಯಾಕೆ ಕುಡಿಯಬೇಕು?"

ಬಾವಿ ಇರುವುದು ನಿಜ, ಒಳ್ಳೆಯ ಬಾವಿಯೇ. ಆದರೆ ಎಲ್ಲರ ಅಂಗಳದಲ್ಲಿಲ್ಲ. ಅವರು ಹೆಸರಿಸಿದ ಮೂರೂ ಕಡೆ ಉಡುಪಿಯ ಆಸುಪಾಸು. ಬ್ರಹ್ಮಾವರದವರಿಗೆ ಅರ್ಧ ಗಂಟೆಯ ದಾರಿ. ಅವರ ಮಟ್ಟಿಗೆ ಮೇಷ್ಟ್ರ ಮಾತನ್ನು ಒಪ್ಪೋಣ. ಕುಂದಾಪುರದವರಿಗೆ ಸುಮಾರು 40 ಕಿಲೋಮೀಟರ್, ಬೈಂದೂರಿನವರಿಗೆ 70ರ ಆಸುಪಾಸು. ಹೊಸಂಗಡಿ, ಯಡಮೊಗೆ, ಅಮಾಸೆಬೈಲು ಕಡೆಯವರು ಹೆದ್ದಾರಿ ಮುಟ್ಟುವುದಕ್ಕೇ ಒಂದು ಬಸ್ ಹಿಡಿಯಬೇಕು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕಾದವು, ತಾಲೂಕು ಕಚೇರಿಯೂ ಬಂತು. ಮನಸ್ಸಿನ ಚಿಕಿತ್ಸೆಗೆ ಮಾತ್ರ ಜನ ಇನ್ನೂ ಉಡುಪಿ ಕಡೆಯ ಬಸ್ಸನ್ನೇ ಹತ್ತುತ್ತಾರೆ.

ಹೃದಯದ ಆಪರೇಶನ್ ಆದರೆ 'ಮಣಿಪಾಲ ಉಂಟಲ್ಲ' ಎಂದರೆ ಸಾಕು. ಒಮ್ಮೆ ಹೋಗಿ ಮಾಡಿಸಿಕೊಂಡು ಬರಬಹುದು. ಮಾತಿನ ಚಿಕಿತ್ಸೆ ಅಂಥದ್ದಲ್ಲ. ಖಿನ್ನತೆಗೋ ವಿಪರೀತ ಗಾಬರಿಗೋ ಸಿಬಿಟಿ ಎಂಬ ಕ್ರಮದ ಚಿಕಿತ್ಸೆ ಶುರುವಾದರೆ ವಾರಕ್ಕೊಂದು ಸಲ, ಮುಕ್ಕಾಲು ಗಂಟೆಯಷ್ಟು ಹೊತ್ತು, ಹೆಚ್ಚುಕಡಿಮೆ ಹತ್ತು ಹನ್ನೆರಡು ವಾರ ಕೂರಬೇಕಾಗುತ್ತದೆ. ನಡುವೆ ಎರಡು ವಾರ ತಪ್ಪಿದರೆ ಹಿಡಿದ ಎಳೆ ಕೈಬಿಡುತ್ತದೆ. ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸೊಬ್ಬಳು ಮುಕ್ಕಾಲು ಗಂಟೆಯ ಮಾತಿಗಾಗಿ ಒಂದಿಡೀ ದಿನದ ಸಂಬಳ ಬಿಟ್ಟು, ಹನ್ನೆರಡು ವಾರ, ಪ್ರತಿ ಸಲ 140 ಕಿಲೋಮೀಟರ್ ಓಡಾಡಲಿ ಎನ್ನುವುದು ನ್ಯಾಯವೇ? 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ, ಸರಿ. ಆದರೆ ನಮ್ಮ ಕರಾವಳಿಯಲ್ಲಿ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವರದು. ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋಗುವವರ ಪಾಡಂತೂ ಬೇರೆಯೇ. ಬೋಟು ಹೊರಟರೆ ಎಂದು ವಾಪಸು ಎಂಬುದು ಗಾಳಿಗೆ, ಮೀನಿಗೆ ಬಿಟ್ಟದ್ದು. 'ಮುಂದಿನ ಬುಧವಾರ ಹನ್ನೊಂದಕ್ಕೆ ಬನ್ನಿ' ಎಂಬ ಚೀಟಿ ಅವರಿಗೆ ಹೊಂದುವುದು ಮೀನುಗಾರಿಕೆ ನಿಷೇಧದ ಜೂನ್, ಜುಲೈ ಎರಡು ತಿಂಗಳು ಮಾತ್ರ.

ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದೆಯಲ್ಲ ಎಂದೂ ಮೇಷ್ಟ್ರು ಕೇಳಿದರು. ಅದು ಒಳ್ಳೆಯ ಏರ್ಪಾಡು, ನಿಲ್ಲಬಾರದು. ಆದರೆ ಸಾಲಿನಲ್ಲಿ ಅಷ್ಟು ಜನ ಕಾದಿರುವಾಗ ರೋಗ ಗುರುತಿಸಿ ಮಾತ್ರೆ ಬರೆಯಲು ಸಮಯ ಸಾಕಾದೀತೇ ಹೊರತು, ಮುಕ್ಕಾಲು ಗಂಟೆ ಕೂತು ಕೇಳುವುದಕ್ಕೆ ಎಲ್ಲಿಂದ ಬರಬೇಕು? 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದು ಇಷ್ಟು: ಕಾಯಿಲೆ ಯಾವುದೆಂಬುದರ ಮೇಲೆ, ನೂರರಲ್ಲಿ 70ರಿಂದ 92 ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ನಮ್ಮೂರಿನ ಲೆಕ್ಕ ತೀರ ಬೇರೆ ಇದ್ದೀತು ಎಂದು ನನಗೆ ಅನಿಸುವುದಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ನಿಜವಾಗಿ ಎದುರುಬದುರು ನಿಂತಿರುವುದು ಫೋನು ಮತ್ತು ಆಸ್ಪತ್ರೆ ಅಲ್ಲ. ಫೋನು ಮತ್ತು ಏನೂ ಇಲ್ಲದಿರುವುದು.

ವೈದ್ಯರ ಆಕ್ಷೇಪ ತೂಕದ್ದು. "ರೋಗಿ ಬಾಗಿಲಿನಿಂದ ಕುರ್ಚಿಯ ತನಕ ನಡೆದು ಬರುವಷ್ಟರಲ್ಲಿ ನಮಗೆ ಅರ್ಧ ಗೊತ್ತಾಗುತ್ತದೆ. ಭುಜದಿಂದ ಮೇಲೆ ಮಾತ್ರ ಕಾಣುವ ಮನುಷ್ಯನನ್ನು ಏನಂತ ಪರೀಕ್ಷೆ ಮಾಡುವುದು?" ಎಂದರು.

ಇದರಲ್ಲಿ ಒಂದು ಪಾಲು ಪೂರ್ತಿ ಸತ್ಯ, ಮತ್ತು ಅದನ್ನು ಮುಚ್ಚಿಡುವವರು ರೋಗಿಗಳಿಗೆ ಮೋಸ ಮಾಡುತ್ತಾರೆ. ಬಾಯಿಯ ಸಾರಾಯಿ ವಾಸನೆ, ಮೇಜಿನ ಕೆಳಗೆ ನಡುಗುವ ಕೈ, ಮೂರು ತಿಂಗಳಲ್ಲಿ ಕರಗಿದ ಮೈ ಪರದೆಯಲ್ಲಿ ಕಾಣುವುದಿಲ್ಲ. ಥೈರಾಯ್ಡ್ ಕಡಿಮೆಯಾದವರೂ ಖಿನ್ನತೆಯವರ ಹಾಗೆಯೇ ಮಂಕಾಗಿ ಕೂತಿರುತ್ತಾರೆ; ರಕ್ತ ಪರೀಕ್ಷೆ ಮಾಡದೆ ತಿಳಿಯದು. ಕುಡಿತ ಬಿಟ್ಟ ಎರಡು ಮೂರು ದಿನದಲ್ಲಿ ಮೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಾಣತೊಡಗಿದರೆ ಅದು ಜೀವಕ್ಕೆ ಅಪಾಯ, ಕರೆದೊಯ್ದು ದಾಖಲಿಸಲೇಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು ದಿಕ್ಕುತಪ್ಪಿ ಮಾತಾಡುವ ಬಾಣಂತಿಯನ್ನು, ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತಿರುವವರನ್ನು, ಸಾಯುವ ದಾರಿ ಯೋಚಿಸಿಟ್ಟುಕೊಂಡವರನ್ನು ವೀಡಿಯೊ ಕರೆಗೆ ಬಿಟ್ಟು ಕೂರಬಾರದು. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ, ಕಿಡ್ನಿ, ಥೈರಾಯ್ಡ್ ನೋಡುತ್ತಿರಬೇಕು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಬಿಳಿ ರಕ್ತಕಣಗಳ ಲೆಕ್ಕ ಬೇಕು. ಮಗುವಿನ ಬುದ್ಧಿಮಟ್ಟ, ಕಲಿಕೆಯ ತೊಂದರೆ ಅಳೆಯಲು ಮಗು ಎದುರಿಗೇ ಇರಬೇಕು. ಇಷ್ಟರಲ್ಲಿ ವೈದ್ಯರಿಗೂ ನನಗೂ ಜಗಳವಿಲ್ಲ.

ಉಳಿದವರ ಮಾತೇನು? ಗಂಡ ತೀರಿಹೋದ ದುಃಖ ವರ್ಷವಾದರೂ ಇಳಿಯದವರು, ಬಸ್ಸಿನಲ್ಲಿ ಕೂತರೆ ಎದೆ ಹೊಡೆದುಕೊಂಡು ಈಗಲೇ ಸತ್ತೇನು ಎನಿಸುವವರು, ಕೈ ತೊಳೆದಷ್ಟೂ ಸಾಲದವರು, ಪರೀಕ್ಷೆಯ ಹೆಸರಿಗೆ ಹೊಟ್ಟೆ ಕಿವುಚಿಕೊಳ್ಳುವ ಮಕ್ಕಳು? ಇವರಿಗೆ ಬೇಕಾದ್ದು ಬಹುತೇಕ ಮಾತು. ಮಾತಿನ ಚಿಕಿತ್ಸೆಗೆ ಮುಖ ಕಾಣಲೇಬೇಕು ಎನ್ನುವ ನಿಯಮ ಎಂದೂ ಇರಲಿಲ್ಲ. ಫ್ರಾಯ್ಡ್ ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾವು ಕಣ್ಣಿಗೆ ಬೀಳದ ಹಾಗೆ ತಲೆಯ ಹಿಂದೆ ಕೂರುತ್ತಿದ್ದರು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾಹ್, ಸಾಯಲು ಹೊರಟವರಿಗಾಗಿ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟುಕೊಂಡು ಕೂತರು. ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಅಷ್ಟು ದೂರ ಯಾಕೆ, ನಮ್ಮ ತಾಳಮದ್ದಲೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಅದನ್ನು ರೇಡಿಯೊದಲ್ಲಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡ ಅಜ್ಜಿಯಂದಿರ ಊರು ನಮ್ಮದು. ಮುಖ ಕಾಣದೆ ಮಾತು ಎದೆಗಿಳಿಯದು ಎಂದು ನಾವು ಹೇಗೆ ಹೇಳುವುದು?

ವೈದ್ಯರು ಪುರಾವೆ ಕೇಳಿದ್ದರು. 2018ರಲ್ಲಿ ಸ್ವೀಡನ್ನಿನ ಪರ್ ಕಾರ್ಲ್‌ಬ್ರಿಂಗ್ ಮತ್ತು ಸಂಗಡಿಗರು 20 ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದಾಗ, ಇಂಟರ್ನೆಟ್ ಮೂಲಕ ಕೊಟ್ಟ ಸಿಬಿಟಿಗೂ ಎದುರು ಕೂತು ಕೊಟ್ಟ ಸಿಬಿಟಿಗೂ ಒಟ್ಟಾರೆ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಇಂಟರ್ನೆಟ್ ಚಿಕಿತ್ಸೆ ಎಂದರೆ ಮುಖ್ಯವಾಗಿ ಚಿಕಿತ್ಸಕರ ಮಾರ್ಗದರ್ಶನದೊಂದಿಗೆ ಓದಿ ಬರೆದು ಮಾಡುವ ಪಾಠಗಳು. ನಮ್ಮ ವೀಡಿಯೊ ಕರೆಗೆ ಅದನ್ನು ಹಾಗೆಹಾಗೇ ಹೊಂದಿಸಬಾರದು. ಆದರೂ ಒಂದೇ ಕೊಠಡಿಯಲ್ಲಿ ಕೂತರೆ ಮಾತ್ರ ಗುಣ ಎಂಬ ವಾದ ಅದರ ಮುಂದೆ ನಿಲ್ಲುವುದಿಲ್ಲ. ನಮ್ಮಲ್ಲಿ ಕೇಂದ್ರ ಸರಕಾರ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ನಿಮ್ಹಾನ್ಸ್, ಭಾರತೀಯ ಮನೋವೈದ್ಯರ ಸಂಘ ಮತ್ತು ಟೆಲಿಮೆಡಿಸಿನ್ ಸೊಸೈಟಿ ಸೇರಿ ಮನೋವೈದ್ಯಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದವು. ಇದು ಕದ್ದುಮುಚ್ಚಿ ಮಾಡುವ ವೈದ್ಯವಲ್ಲ.

ನನ್ನ ವಾದಕ್ಕೆ ಎದುರಾದ ಒಂದು ಅನುಭವವನ್ನೂ ಹೇಳಬೇಕು. ಉಪ್ಪುಂದದಲ್ಲಿರುವ ನನ್ನ ಚಿಕ್ಕಮ್ಮ, ಚಿಕ್ಕಪ್ಪ ತೀರಿಕೊಂಡ ಮೇಲೆ ಊಟ ಬಿಟ್ಟಿದ್ದರು. ನಾನೇ ಮುಂದೆ ಬಿದ್ದು ವೀಡಿಯೊ ಸಮಾಲೋಚನೆ ಗೊತ್ತು ಮಾಡಿದೆ. ಅವರು ಸೆರಗು ಹೊದ್ದು, ನೆಂಟರ ಮನೆಗೆ ಬಂದವರ ಹಾಗೆ ಮೊಬೈಲಿನ ಎದುರು ಕೂತು, ಕೇಳಿದ್ದಕ್ಕೆಲ್ಲ "ಹೂಂ" ಎಂದರು. ಎರಡು ಸಲ ಹಾಗೇ ಆಯಿತು. ಮೂರನೆಯ ಸಲ, "ಆ ಗಾಜಿನೊಳಗಿನ ಹೆಣ್ಣಿಗೆ ನಾನ್ ಎಂತ ಹೇಳುದ್?" ಎಂದು ಎದ್ದುಹೋದರು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ವೈದ್ಯೆ ಅವರ ಕೈ ಹಿಡಿದುಕೊಂಡದ್ದೇ ತಡ, ತಿಂಗಳುಗಟ್ಟಲೆ ಕಟ್ಟಿಟ್ಟ ಅಳು ಹೊರಗೆ ಬಂತು. ಚಿಕ್ಕಮ್ಮನ ಆಯ್ಕೆಯನ್ನು ನಾನು ಮಾಡಲು ಹೋದದ್ದು ತಪ್ಪಾಗಿತ್ತು. ಯಾರೂ ಇನ್ನೊಬ್ಬರ ಪರವಾಗಿ ಇದನ್ನು ತೀರ್ಮಾನಿಸಬಾರದು. ವೈದ್ಯರ ಮಾತಿಗೂ ಇದೇ ನನ್ನ ಉತ್ತರ.

ಸಂಘದ ಹೆಂಗಸರು ಕೇಳಿದ್ದು ಗುಟ್ಟಿನ ವಿಷಯ. "ಮೊಬೈಲಿನಲ್ಲಿ ಹೇಳಿದ್ದು ಎಲ್ಲೆಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಆಸ್ಪತ್ರೆಯಾದರೆ ನಾಲ್ಕು ಗೋಡೆ ಉಂಟು."

ನಾಲ್ಕು ಗೋಡೆಯ ತನಕ ತಲುಪುವ ದಾರಿಯಲ್ಲಿ ಗೋಡೆಗಳಿಲ್ಲವಲ್ಲ. ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಗುರುತಿನವರು, ಪಕ್ಕದ ಸೀಟಿನವರು ನಾದಿನಿಯ ಊರಿನವರು. "ಎಲ್ಲಿಗೆ ಹೊರಟದ್ದು? ಯಾರಿಗೆ ಹುಷಾರಿಲ್ಲೆ?" ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆ, ಕೇಳದಿದ್ದರೆ ಸೊಕ್ಕು. ಮೂರನೆಯ ವಾರವೂ ಅದೇ ಬಸ್ಸಿನಲ್ಲಿ ಕಂಡರೆ ಮಗಳಿಗೆ ಬಂದ ಸಂಬಂಧಕ್ಕೆ ಸುದ್ದಿ ಮುಟ್ಟುತ್ತದೆ ಎಂಬ ಭಯಕ್ಕೆ ಚಿಕಿತ್ಸೆ ಬಿಟ್ಟವರನ್ನು ನಾನು ಬಲ್ಲೆ. ನನ್ನದೇ ಚಿಕಿತ್ಸೆಗೆ ಮೊದಲು ಹೋಗಿದ್ದ ಒಂದು ಆಸ್ಪತ್ರೆಯಲ್ಲಿ ತುಂಬಿದ ಕಾರಿಡಾರಿನಲ್ಲಿ ಹೆಸರಿನ ಜೊತೆ ವಿಭಾಗದ ಹೆಸರನ್ನೂ ಕೂಗಿ ಕರೆದರು. ಎದ್ದು ನಿಲ್ಲಲು ನನಗೆ ಕಾಲು ಬರಲಿಲ್ಲ. ಆಮೇಲೆ ಮಾತಿನ ಚಿಕಿತ್ಸೆಯನ್ನು ಫೋನಿಗೆ ಬದಲಾಯಿಸಿಕೊಂಡೆ. ಮನೆಯಲ್ಲಿ ಚಾವಡಿಯ ಮಾತು ಅಡುಗೆಮನೆಗೆ ಕೇಳುತ್ತದೆ. ಹಾಗಾಗಿ ಪ್ರತಿ ಶನಿವಾರ ಮರವಂತೆಗೆ ಹೋಗಿ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ ಇರುವಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ ಮಾತಾಡುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ನಿಶ್ಚಿಂತೆಯಿಂದ ಇನ್ನೆಲ್ಲೂ ಅತ್ತಿಲ್ಲ.

ಎಲ್ಲರಿಗೂ ಕಾರಿಲ್ಲ, ಗೊತ್ತು. ತೋಟದ ಪಂಪ್‌ಶೆಡ್ಡು, ಗೆಳತಿಯ ಮನೆಯ ಒಳಕೋಣೆ, ಶಾಲೆ ಬಿಟ್ಟ ಮೇಲಿನ ಖಾಲಿ ತರಗತಿಯಲ್ಲಿ ಕೂತು ಮಾತಾಡಿದವರಿದ್ದಾರೆ. ಒಳ್ಳೆಯ ಚಿಕಿತ್ಸಕರು ಮೊದಲು ಕೇಳುವುದೇ "ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಎಂದು. ಗಂಡ ಹೊಡೆಯುವ ಮನೆಯೊಳಗಿನಿಂದ ಮಾತ್ರ ಕರೆ ಮಾಡಬಾರದು. ಅಂಥವರಿಗೆ ಮನೆಯಿಂದ ಹೊರಗಿನ ಜಾಗವೇ ಬೇಕು, ಆಸ್ಪತ್ರೆಯಾದರೆ ಇನ್ನೂ ಒಳ್ಳೆಯದು.

ಇನ್ನು ಮಾಹಿತಿ ಸೋರುವ ಭಯ. ಅದು ಸುಳ್ಳಲ್ಲ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಥೆರಪಿ ಕಂಪೆನಿ ತನ್ನಲ್ಲಿಗೆ ಬಂದವರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟಿತೆಂದು ಅಲ್ಲಿನ ವ್ಯಾಪಾರ ಆಯೋಗ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಆದರೆ ಫಿನ್‌ಲ್ಯಾಂಡಿನ ವಸ್ತಾಮೊ ಪ್ರಕರಣವನ್ನೂ ಜೊತೆಗೆ ಇಟ್ಟು ನೋಡಿ. 2020ರಲ್ಲಿ ಅಲ್ಲಿ ಸುಮಾರು 33,000 ಜನರ ಚಿಕಿತ್ಸೆಯ ಟಿಪ್ಪಣಿಗಳು ಕಳ್ಳರ ಕೈಗೆ ಸಿಕ್ಕಿದ್ದು ಬಯಲಾಯಿತು. ರೋಗಿಗಳಿಗೇ ಬೆದರಿಕೆ ಹಾಕಿ ದುಡ್ಡು ಕೇಳಿದರು. ವಸ್ತಾಮೊ ಊರೂರಲ್ಲಿ ಬಾಗಿಲು ತೆರೆದಿದ್ದ ಚಿಕಿತ್ಸಾಲಯಗಳ ಸಂಸ್ಥೆ. ನಾಲ್ಕು ಗೋಡೆಯೊಳಗೆ ಆಡಿದ ಮಾತೂ ಕೊನೆಗೆ ಕಂಪ್ಯೂಟರಿಗೇ ಹೋಗಿ ಕೂರುತ್ತದೆ. ಆದ್ದರಿಂದ ಫೋನೋ ಕೊಠಡಿಯೋ ಎನ್ನುವುದಕ್ಕಿಂತ, ಟಿಪ್ಪಣಿ ಎಲ್ಲಿಡುತ್ತೀರಿ, ಯಾರು ನೋಡುತ್ತಾರೆ, ಕರೆ ರೆಕಾರ್ಡ್ ಆಗುತ್ತದೆಯೇ ಎಂದು ಎರಡೂ ಕಡೆ ಕೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದಿದೆ. ಕೇಳಲು ಸಂಕೋಚ ಬೇಡ.

ದುಡ್ಡಿನ ಮಾತನ್ನೂ ಸಂಘದ ಹೆಂಗಸರೇ ಎತ್ತಿದರು, ಅದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಖಾಸಗಿಯವರು ಆನ್‌ಲೈನಿನಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿ ಕೇಳುವುದು ಸಾಮಾನ್ಯ. ಪುಕ್ಕಟೆ ಇರುವುದು ಸರಕಾರದ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾದದ್ದು. ಕೋಟದಲ್ಲಿ ಹುಟ್ಟಿದ ಸಾಹಿತಿ ಶಿವರಾಮ ಕಾರಂತರ ಜನ್ಮದಿನವೂ ಅದೇ. ನಮ್ಮ ಶಾಲೆಗಳಲ್ಲಿ ಕಾರಂತರನ್ನು ನೆನೆಯುವ ದಿನವೇ ಈ ಸಂಖ್ಯೆಯನ್ನೂ ಕಪ್ಪುಹಲಗೆಯ ಮೇಲೆ ಬರೆದರೆ ಎಷ್ಟು ಒಳ್ಳೆಯದು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಆದರೆ ವಾರವಾರವೂ ಅದೇ ದನಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಅದು ಮೊದಲ ಮೆಟ್ಟಿಲು.

ಅಕ್ಕನ ತಕರಾರು ಭಾಷೆಯದು. "ಇದೆಲ್ಲ ಬೆಂಗಳೂರಿನ ಇಂಗ್ಲಿಷ್ ಜನಕ್ಕೆ. ನಮ್ಮ 'ಮಂಡೆ ಬಿಸಿ', 'ಎದಿ ಹಾರುದು' ಅವ್ರಿಗೆಂತ ಗೊತ್ತತ್ತ್?" ಎಂದಳು. ನನಗಂತೂ ಇದು ಉಲ್ಟಾ ಕಾಣುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಓದುತ್ತಿರುವ ಎಳೆಯ ವೈದ್ಯರು ದೇಶದ ಎಲ್ಲೆಲ್ಲಿಂದಲೋ ಬಂದವರು. ನರ್ಸೋ ಜೊತೆಗೆ ಹೋದ ಅಣ್ಣನೋ ನಡುವೆ ನಿಂತು ಹೇಳಬೇಕು. ಅಣ್ಣನ ಬಾಯಿಯಲ್ಲಿ ದಾಟಿಸಲಾಗದ ಸಂಕಟಗಳು ಎಷ್ಟಿಲ್ಲ? ಫೋನಾದರೆ ಕುಂದಾಪ್ರ ಕನ್ನಡ ಬಲ್ಲವರನ್ನೇ ಹುಡುಕಿಕೊಳ್ಳಬಹುದು, ಅವರು ಬೆಂಗಳೂರಿನಲ್ಲಿರಲಿ, ಮೈಸೂರಿನಲ್ಲಿರಲಿ. ನಮ್ಮೂರಿನಿಂದ ಹೋಗಿ ದುಬೈ, ಮಸ್ಕತ್‌ಗಳಲ್ಲಿ ಹೋಟೆಲು, ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆ ಮನೆಮಾತಿನಲ್ಲಿ ಎದೆ ಬಿಚ್ಚಲು ಇನ್ನೆಲ್ಲಿ ಜಾಗವಿದೆ? 'ಐ ಆಮ್ ಡಿಪ್ರೆಸ್ಡ್' ಎಂದು ಹೇಳಲು ಅವರಿಗೂ ಬರುತ್ತದೆ. 'ನಂಗ್ ಆತಿಲ್ಲೆ ಮಾರಾಯ್ರೆ' ಎಂಬುದರಲ್ಲಿ ಇರುವಷ್ಟು ಅದರಲ್ಲಿ ಇಲ್ಲ.

ನೆಟ್‌ವರ್ಕ್ ಇಲ್ಲವಲ್ಲ ಎಂದವರಿಗೆ ಚಿಕ್ಕ ಉತ್ತರ: ವೀಡಿಯೊ ನಿಂತರೆ ಸಾದಾ ಕರೆ. ಕರೆ ಕಡಿದರೆ ಯಾರು ಯಾರಿಗೆ, ಎಷ್ಟು ನಿಮಿಷದೊಳಗೆ ವಾಪಸು ಮಾಡುವುದೆಂದು ಮೊದಲ ದಿನವೇ ಗೊತ್ತು ಮಾಡಿಕೊಳ್ಳಬೇಕು.

"ಆನ್‌ಲೈನಿನಲ್ಲಿ ಯಾರು ಬೇಕಾದರೂ ಕೌನ್ಸೆಲರ್ ಆಗುತ್ತಾರೆ" ಎಂಬ ಆಕ್ಷೇಪವನ್ನು ಎರಡು ಮೂರು ಜನ ಹೇಳಿದರು. ಒಪ್ಪಿದೆ, ಆದರೆ ಬೋರ್ಡು ಹಾಕಿ ಕೂತವರಲ್ಲೂ ಅಂಥವರಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಲು 1992ರ ಕಾಯ್ದೆಯಡಿ ಇರುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಮನೋವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ. ಇವರಿಬ್ಬರಲ್ಲಿ ಮಾತ್ರೆ ಬರೆಯುವ ಅಧಿಕಾರ ಮನೋವೈದ್ಯರಿಗೆ ಮಾತ್ರ, ಸೈಕಾಲಜಿಸ್ಟ್‌ಗೆ ಇಲ್ಲ. ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಗೆ ಬಿಡಿ. ಇನ್ನೊಂದು ಗುರುತು: ಫೋನಿನಲ್ಲಿ ಚಿಕಿತ್ಸೆ ಕೊಡುವ ಪ್ರಾಮಾಣಿಕರು ಮೊದಲ ದಿನವೇ ನೀವು ಎಲ್ಲಿದ್ದೀರಿ, ಅವಸರ ಬಿದ್ದರೆ ಯಾರಿಗೆ ಹೇಳಬೇಕು, ಹತ್ತಿರದ ಆಸ್ಪತ್ರೆ ಯಾವುದು ಎಂದು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳದವರ ಕೈಗೆ ನಿಮ್ಮ ಜೀವ ಕೊಡಬೇಡಿ.

"ನಮ್ಮ ಅಜ್ಜ ಅಜ್ಜಿಗೆ ಇದೆಲ್ಲ ಇತ್ತಾ? ಪ್ರಶ್ನೆ ಇಡಿಸುತ್ತಿದ್ದರು, ದರ್ಶನಕ್ಕೆ ಹೋಗುತ್ತಿದ್ದರು, ಸರಿಯಾಗುತ್ತಿತ್ತು" ಎಂದರು ಒಬ್ಬರು. ದೈವದ ಎದುರು ನಿಂತು ಕಷ್ಟ ಹೇಳಿಕೊಂಡರೆ ಹಗುರಾಗುವುದನ್ನು ನಾನು ಕಂಡಿದ್ದೇನೆ, ನಾನೂ ಕೈಮುಗಿಯುತ್ತೇನೆ. ಸರಿಯಾಗದವರನ್ನು ಒಳಕೋಣೆಯಲ್ಲಿ ಕೂಡಿಹಾಕಿದ್ದೂ ಅದೇ ಅಜ್ಜ ಅಜ್ಜಿಯ ಕಾಲದಲ್ಲಿ. ಹರಕೆ ಹೊತ್ತವರು ಮಾತ್ರೆ ತಿನ್ನಬಾರದು ಎಂದು ಯಾವ ದೈವವೂ ಹೇಳಿದ್ದನ್ನು ನಾನು ಕೇಳಿಲ್ಲ.

ಕಾಲೇಜು ಹುಡುಗ ಮಾತ್ರ ಇವರೆಲ್ಲರಿಗೂ ಎದುರು ಬದಿಯವನು. "ಅಕ್ಕ, ಇನ್ನು ಆಸ್ಪತ್ರೆಯೇ ಯಾಕೆ? ಎಲ್ಲ ಫೋನಿನಲ್ಲೇ ಆಗುತ್ತದೆ. ಎಐ ಹತ್ತಿರ ಕೇಳಿದರೂ ಸಾಕು" ಎಂದ. ನನ್ನನ್ನು ಬೆಂಬಲಿಸಿದ ಈ ಮಾತೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವನಿಗೆ ಹೇಳುತ್ತೇನೆ: ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲದಾಗ ಯಂತ್ರದ ಹತ್ತಿರ ಮಾತಾಡಿದರೆ ತಪ್ಪೇನಿಲ್ಲ. ಆದರೆ ನೀನು ಮಾತು ನಿಲ್ಲಿಸಿದರೆ ಅದು ನಿನ್ನ ಮನೆಗೆ ಬರುವುದಿಲ್ಲ, ಅಮ್ಮನಿಗೆ ತಿಳಿಸುವುದಿಲ್ಲ. ನಿನ್ನ ತೂಕ ಇಳಿದದ್ದನ್ನು, ನೀನು ಕ್ಲಾಸಿಗೆ ಹೋಗದ್ದನ್ನು ಅದು ಕಾಣದು. ಹಾಸಿಗೆಯಿಂದ ಏಳಲು ಆಗದ ಹುಡುಗನಿಗೆ, ಎದ್ದು ಬಟ್ಟೆ ಹಾಕಿಕೊಂಡು ಬಸ್ಸು ಹತ್ತಿ ಹೋಗುವುದೇ ಅರ್ಧ ಚಿಕಿತ್ಸೆಯಾಗುವುದೂ ಉಂಟು. ಜನರ ನಡುವೆ ಹೋಗಲು ಹೆದರುವವರಿಗೆ ಫೋನಿನ ಚಿಕಿತ್ಸೆ ಶುರುವಿಗೆ ಸಲೀಸು, ಆದರೆ ಕೊನೆಯ ತನಕ ಅದರಲ್ಲೇ ಉಳಿದರೆ ಹೆದರಿಕೆಗೆ ಗೊಬ್ಬರ ಹಾಕಿದ ಹಾಗೆ. ಮತ್ತು ಸಾಯುವ ಯೋಚನೆ ಬಂದ ದಿನ ಆನ್‌ಲೈನ್ ಅಪಾಯಿಂಟ್‌ಮೆಂಟಿಗೆ ಕಾಯಬೇಡ: 14416ಕ್ಕೆ ಕರೆ ಮಾಡು, ಮನೆಯಲ್ಲಿ ಒಬ್ಬರಿಗಾದರೂ ಹೇಳು, ಹತ್ತಿರದ ಆಸ್ಪತ್ರೆಗೆ ಹೋಗು. ಪೊಲೀಸ್ ಕೇಸಿನ ಭಯಕ್ಕೆ ಮುಚ್ಚಿಡುವ ಕಾಲ ಮುಗಿಯಿತು. 2017ರ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿರುವವರೆಂದೇ ಭಾವಿಸುತ್ತದೆ, ಆರೈಕೆ ಕೊಡುವ ಹೊಣೆಯನ್ನು ಸರಕಾರಕ್ಕೆ ಹೊರಿಸುತ್ತದೆ.

ಮೇಷ್ಟ್ರೇ, ವೈದ್ಯರೇ, ಇಷ್ಟು ವಾದ ಮಾಡಿದ ಮೇಲೆ ನಾವು ಒಟ್ಟಿಗೆ ಹೋಗಿ ಕೇಳಬಹುದಾದ್ದು ಒಂದಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸರಕಾರಿ ಆಸ್ಪತ್ರೆಗಳಲ್ಲಿ ಒಂದೊಂದು ಸಣ್ಣ ಕೊಠಡಿ. ಮೊದಲ ಸಲ ಮನೋವೈದ್ಯರು ಬರುವ ದಿನ ಎದುರು ಕೂತು ಪರೀಕ್ಷೆ, ರಕ್ತ ತಪಾಸಣೆ. ಆಮೇಲೆ ವಾರವಾರದ ಮಾತು ಆ ಕೊಠಡಿಯ ಪರದೆಯಲ್ಲಿ, ದೂರದ ಕನ್ನಡ ಬಲ್ಲ ಚಿಕಿತ್ಸಕರ ಜೊತೆ. ತೂಕ, ಬಿಪಿ ನೋಡಲು, ಅವಸರ ಬಿದ್ದರೆ ಡಾಕ್ಟರನ್ನು ಕರೆಯಲು ತರಬೇತಿಯಾದ ಒಬ್ಬ ನರ್ಸು. ಬಾಗಿಲ ಮೇಲೆ ಕೊಠಡಿ ಸಂಖ್ಯೆ ಸಾಕು, ವಿಭಾಗದ ಹೆಸರು ಬೇಡ. ಮಾತು ಹೊರಗೆ ಕೇಳದಷ್ಟು ದಪ್ಪ ಬಾಗಿಲಿರಲಿ. ಗಾಜಿನೊಳಗಿನವರ ಹತ್ತಿರ ಮಾತಾಡಲಾಗದ ನನ್ನ ಚಿಕ್ಕಮ್ಮನಂಥವರು ಬಂದರೆ ನರ್ಸು ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಲು ಇನ್ನೊಂದು ಕುರ್ಚಿ.